ಸುಳ್ಳು ಲೆಕ್ಕ

ಯೂನಿವರ್ಸಿಟಿಯಿಂದ ಬಂದ ಮೇಲ್‌ನ ಕೊನೆಗೊಂದು ಲಿಂಕು.
ಒತ್ತಿದಳು ಹೆಡ್ವಿಗ್,
ಭಾಗವಹಿಸಿದರೆ ಸಿನಿಮಾ ಟಿಕೆಟ್ಟಂತೆ.

ಆ್ಯಪ್ ತೂಕ ಕೇಳಿತು. ಐವತ್ತೆಂಟು.
ಎತ್ತರ ಕೇಳಿತು, ವಯಸ್ಸು ಕೇಳಿತು,
ವಾರಕ್ಕೆ ಎಷ್ಟು ಲೋಟಕ್ಕೆ ನಿಲ್ಲಿಸುತ್ತೀ ಎಂದು
ಹಲ್ಲಿನ ಡಾಕ್ಟರ ಹಾಗೆ ಮೆತ್ತಗೆ ಕೇಳಿತು.
ಯಾಕೆ ಎಂದು ಮಾತ್ರ ಕೇಳಲಿಲ್ಲ.
ಅದಕ್ಕೇ ಇಷ್ಟವಾಯಿತು ಅವಳಿಗೆ.

ಆಗಸ್ಟು. ಹೊತ್ತು ಮುಳುಗಲು ತಡಮಾಡುವ ಉಮೆಯೊ.
ಹನ್ನೊಂದು ಜನರ ಒಂದೇ ಅಡುಗೆಮನೆಯಲ್ಲಿ
ಕೆಂಪು ಸಿಗಡಿಯ ರಾಶಿ, ಸಬ್ಬಸಿಗೆಯ ಘಮ,
ತಲೆಗೆ ಕಾಗದದ ಟೋಪಿ, ಕಿಟಕಿಗೆ
ಹಲ್ಲು ಬಿಟ್ಟ ಚಂದ್ರನ ಲಾಂದ್ರ.
ಹಾಡಿಗೊಂದು ಗುಟುಕು; ಹಾಡು ಮುಗಿಸದೆ ಗುಟುಕು ಸಲ್ಲದು,
ಇದು ಅಜ್ಜಂದಿರ ಕಾಲದ ಕಾನೂನು.
ಸಿಕ್ಸ್ಟೆನ್‌ಗೆ ಬರುತ್ತಿದ್ದ ಹಾಡುಗಳಿಗೆ ಕೊನೆಯಿಲ್ಲ.

ಆರನೆಯ ಹಾಡಿಗೆ ಅವಳು ಒತ್ತಿದ್ದು ಮೂರು.
ಗೆರೆ ಹಸಿರಲ್ಲೇ ಹರಿಯಿತು.
'ಚೆನ್ನಾಗಿ ನಿಭಾಯಿಸುತ್ತಿದ್ದೀ' ಎಂದು
ಪರದೆಯ ಮೂಲೆಯಿಂದ ಪುಟ್ಟ ಗೂಬೆಯೊಂದು ರೆಕ್ಕೆ ಬಡಿಯಿತು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತೇವೆ.
ಇಲ್ಲಿ ಅಂಗೈಯಲ್ಲೇ ಕನ್ನಡಿ,
ಅದರ ಮುಂದೆ ನಿಂತು ಹುಣ್ಣು
ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತಿದೆ.

ಸೆಪ್ಟೆಂಬರು, ಅಕ್ಟೋಬರು.
ವೈನಿನ ದೊಡ್ಡ ಲೋಟ ಚಿಕ್ಕದಾಯಿತು,
ಬೇರೆಯವರ ಲೋಟದಿಂದ ಕುಡಿದದ್ದು ಕುಡಿತವಲ್ಲ,
ನಿಂತು ಕುಡಿದದ್ದು ಅರ್ಧ.
ಗೂಬೆ ಎಲ್ಲವನ್ನೂ ನಂಬಿತು.
ಅಮ್ಮ ಕೂಡ ಯಾವತ್ತೂ ಇಷ್ಟು ನಂಬಿರಲಿಲ್ಲ.

ನವೆಂಬರಿನ ಕೊನೆಯ ಶನಿವಾರ
ಮಧ್ಯಾಹ್ನ ಎರಡೂವರೆಗೇ ಕತ್ತಲು,
ಮೂರಕ್ಕೆ ಸರಕಾರಿ ಮದ್ಯದಂಗಡಿ ಬಂದ್,
ಸಾಲಿನಲ್ಲಿ ನಿಂತವರ ಉಸಿರೆಲ್ಲ ಬಿಳಿ.
ರಾತ್ರಿ ಒಂದರ ಮೇಲೆ ಪಾರ್ಟಿಯಿಂದ ಒಬ್ಬೊಬ್ಬರೇ ಬಂದರು.
ಬಾಗಿಲ ಬಳಿ ಬೂಟು ಎಣಿಸಿದಳು ಹೆಡ್ವಿಗ್
(ಎಣಿಸುವ ಚಟವೊಂದು ಅಂಟಿಬಿಟ್ಟಿತ್ತು).
ಹತ್ತು ಜೊತೆ.
ಮತ್ತೆ ಎಣಿಸಿದಳು. ಹತ್ತೇ.

ಸಿಕ್ಸ್ಟೆನ್ ಸಿಕ್ಕಿದ್ದು ಸೈಕಲ್ ನಿಲ್ದಾಣದ ಹಿಂದೆ
ಬರ್ಚ್ ಮರಕ್ಕೊರಗಿ, ಒಂದು ಕೈಗವಸಿಲ್ಲದೆ,
ಹುಬ್ಬಿನ ಮೇಲೆ ಹಿಮದ ಪುಡಿ.
ಜೇಬಿನೊಳಗೆ ಏನೋ ಮಿಡುಕುತ್ತಿತ್ತು, ಹಕ್ಕಿಮರಿಯಂತೆ.
ತೆಗೆದು ನೋಡಿದರೆ ಅದೇ ಗೂಬೆ.
ಒಂಬತ್ತೂ ಲೋಟ ಬರೆದಿದ್ದಾನೆ, ಹೊತ್ತಿನ ಸಮೇತ.
ಹತ್ತನೆಯದನ್ನು ಒತ್ತಹೋಗಿ ಬೆರಳು ಜಾರಿ
ಹವಾಮಾನ ತೆರೆದುಕೊಂಡಿದೆ: ಮೈನಸ್ ಹದಿನಾಲ್ಕು.
ಅದರ ಮೇಲೆ ಗೂಬೆಯ ಚೀಟಿ, ಚೀಟಿಯ ಮೇಲೆ ಚೀಟಿ,
'ನೀರು ಕುಡಿ. ಒಬ್ಬನೇ ಇರಬೇಡ. ಯಾರನ್ನಾದರೂ ಕರೆ.'
ಮೂವತ್ತೇಳು ಸಲ ಹೇಳಿದೆ
ಕತ್ತಲ ಜೇಬಿಗೆ.

ನಿಜ ಬರೆದವನು ಹಿಮದಲ್ಲಿ.
ಸುಳ್ಳು ಬರೆದವಳು ಅವನ ಕೆನ್ನೆ ತಟ್ಟುತ್ತ
ಆಂಬುಲೆನ್ಸಿನವರಿಗೆ, ಎರಡು ವರ್ಷದಿಂದ ತಾನಿರುವ
ಬೀದಿಯ ಹೆಸರು ಹೇಳಲು ತಡವರಿಸುತ್ತ.

ಮಂಗಳವಾರ ಆಸ್ಪತ್ರೆಯಿಂದ ಬಂದ,
ಎರಡು ಬೆರಳಿಗೆ ಬ್ಯಾಂಡೇಜು.
'ಇನ್ನು ಒತ್ತಕ್ಕೂ ಆಗಲ್ಲ' ಅಂದ.
ಯಾರೂ ನಗಲಿಲ್ಲ. ಫ್ರಿಜ್ಜು ಗೊಣಗಿತು.
ಆ ರಾತ್ರಿ ಅವಳು ಆಗಸ್ಟಿಗೆ ಹಿಂದಿರುಗಿ
ಮೂರನ್ನು ಆರು ಮಾಡಲು ಹೊರಟಳು.
'ಏಳು ದಿನಕ್ಕಿಂತ ಹಳೆಯದನ್ನು ತಿದ್ದಲಾಗದು.'
ಗೂಬೆಗೆ ಮೊದಲ ಸಲ ಸಿಟ್ಟು ಬಂದಂತಿತ್ತು,
ಅಥವಾ ಅವಳ ಕಣ್ಣೇ ಹಾಗಿತ್ತೋ.

ಶುಕ್ರವಾರ ಬಂತು. ಬಾರದೆ ಇರುತ್ತದೆಯೇ.
ಹೊರಗೆ ಯಾರೋ ಹಿಮ ಗೋರುತ್ತಿದ್ದರು,
ಸದ್ದು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.
ಅವಳು ತನ್ನ ಫೋನನ್ನು ಅವನತ್ತ ತಳ್ಳಿದಳು,
ಅವನದನ್ನು ತನ್ನ ತಟ್ಟೆಯ ಪಕ್ಕಕ್ಕೆಳೆದುಕೊಂಡಳು.
'ನನ್ನದು ನೀನು ಒತ್ತು.'
ಅವನು ಹೆಬ್ಬೆರಳಿನಲ್ಲಿ ತಡಕಾಡಿದ.
'ಒಂದು' ಅಂದ, ಎಲ್ಲರಿಗೂ ಕೇಳುವಂತೆ.
'ಅದು ದೊಡ್ಡ ಲೋಟ' ಅಂದಳು.
ಲೋಟ ಎತ್ತಿ ದೀಪಕ್ಕೆ ಹಿಡಿದು ನೋಡಿದ.
'ಒಂದೂವರೆ.'